ಮೊಬೈಲ್ ಬಿಡಿ ಅನ್ನುವ ಮೊದಲು: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ.

ಪ್ರತಿ: ಕಾರವಾರ ಮತ್ತು ಶಿರಸಿ ಶೈಕ್ಷಣಿಕ ಜಿಲ್ಲೆಗಳ ಉಪನಿರ್ದೇಶಕರಿಗೆ, ಜಿಲ್ಲೆಯ ಎಲ್ಲ ಗ್ರಾಮ ಪಂಚಾಯತಿಗಳಿಗೆ.

ವಿಷಯ: ಮೊಬೈಲ್ ಚಟ ಬಿಡುವುದಕ್ಕೆ ಜನರಿಗೆ ದಾರಿ ಮಾಡಿಕೊಡುವ ಬಗ್ಗೆ.

ಮಾನ್ಯರೇ,

ಕುಮಟಾ ಪೇಟೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಝೆರಾಕ್ಸ್ ಜೊತೆಗೆ ಪ್ರಿಂಟ್, ಲ್ಯಾಮಿನೇಶನ್, ಅರ್ಜಿ ಫಾರ್ಮು, ಮೊಬೈಲ್ ರೀಚಾರ್ಜು. ಜನ ಮೊಬೈಲ್ ಜಾಸ್ತಿ ನೋಡಿದಷ್ಟೂ ನನಗೆ ಲಾಭವೇ. ಮೊಬೈಲ್ ಚಟದ ಬಗ್ಗೆ ಪತ್ರ ಬರೆಯುತ್ತೇನೆ ಅಂದಾಗ ನಮ್ಮ ಮನೆಯವರೇ ನಗಾಡಿದರು. ಆದರೆ ದಿನವಿಡೀ ಜನರ ಮೊಬೈಲುಗಳು ನನ್ನ ಕೌಂಟರಿನ ಮೇಲೆ ಬಂದು ಕೂರುತ್ತವೆ. ಅವುಗಳಲ್ಲಿ ಏನಿದೆ, ಯಾವ ಹೊತ್ತಿಗೆ ಏನು ಬರುತ್ತದೆ ಅನ್ನೋದು ನನಗೆ ಕಾಣುವಷ್ಟು ಬೇರೆಯವರಿಗೆ ಕಾಣಲಿಕ್ಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇದು ನಿಮ್ಮ ಮೇಲಿನ ದೂರಲ್ಲ. ನಿಮ್ಮಿಂದ ಆಗಬಹುದಾದ ಕೆಲಸ ಅಂತ ನಿಮಗೆ ಬರೆಯುತ್ತಿದ್ದೇನೆ, ಅಷ್ಟೇ. ಯಾವ ಶಾಲೆಯ, ಯಾವ ಕಚೇರಿಯ ಹೆಸರನ್ನೂ ಹಾಕುವುದಿಲ್ಲ. ಹೆಸರು ಹಾಕಿದರೆ ನಾಳೆ ಯಾರೋ ಒಬ್ಬ ಮಾಸ್ತರರಿಗೆ ನೋಟಿಸ್ ಹೋಗುತ್ತದೆ, ವಿಷಯ ಅಲ್ಲಿಗೇ ಮುಗಿದುಹೋಗುತ್ತದೆ.

ಕಳೆದ ವರ್ಷ ನಮ್ಮ ಕಡೆಯ ಒಂದು ಶಾಲೆಯವರು ಮೊಬೈಲ್ ಚಟದ ವಿರುದ್ಧ ಜಾಥಾ ಮಾಡಿದರು. ಮಕ್ಕಳು ಘೋಷಣೆ ಕೂಗುತ್ತ ಪೇಟೆ ಸುತ್ತಿದರು. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಅವರ ಕೈಯಲ್ಲಿದ್ದ ಫಲಕಗಳ ಪ್ರಿಂಟ್ ನನ್ನ ಅಂಗಡಿಯದೇ. ಮಧ್ಯಾಹ್ನದ ಹೊತ್ತಿಗೆ ಪಾಲಕರ ವಾಟ್ಸಾಪ್ ಗ್ರೂಪಿಗೆ ಫೋಟೋಗಳು ಬಂದು ಬಿದ್ದವು. ಹಿಂದೆಯೇ ಒಂದು ಸೂಚನೆ: ಎಲ್ಲ ಪಾಲಕರೂ ಈ ಫೋಟೋಗಳನ್ನು ಸ್ಟೇಟಸ್‌ಗೆ ಹಾಕಿ, ಅದರ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಕಳಿಸಬೇಕು. ಮೊಬೈಲ್ ಬಿಟ್ಟಿದ್ದಕ್ಕೆ ಮೊಬೈಲಿನಲ್ಲೇ ಸಾಕ್ಷಿ! ಮರುದಿನ ಅಂಗಡಿಗೆ ಬಂದ ಆ ಶಾಲೆಯ ಅಕ್ಕೋರನ್ನು (ಶಿಕ್ಷಕಿಯನ್ನು) ಕೇಳಿದೆ. "ಎಂತ ಮಾಡೂದು ಅಣ್ಣಾ, ನಮಗೂ ಮೇಲಿನವರ ಗ್ರೂಪಿದೆ. ಅಲ್ಲಿ ಫೋಟೋ ಬಿದ್ದಿಲ್ಲ ಅಂದ್ರೆ ಕಾರ್ಯಕ್ರಮವೇ ಆಗಿಲ್ಲ ಅಂತ ಲೆಕ್ಕ" ಅಂದರು. ಅವರ ಮುಖ ನೋಡಿ ನನಗೆ ಮುಂದೆ ಕೇಳುವ ಮನಸ್ಸಾಗಲಿಲ್ಲ.

ಸಂಜೆ ಏಳು ದಾಟಿದ ಮೇಲೆ ಅಂಗಡಿಗೆ ಬರುವ ಗಿರಾಕಿಗಳೇ ಬೇರೆ. ಹಗಲಿನ ಹಾಗೆ ಪಹಣಿ, ಆಧಾರ್ ಕಾರ್ಡ್ ಹಿಡಿದವರಲ್ಲ, ತಾಯಂದಿರು. ಹೋಂವರ್ಕಿನ ಹಾಳೆ ಆಗತಾನೇ ಗ್ರೂಪಿಗೆ ಪಿಡಿಎಫ್ ಆಗಿ ಬಂದಿರುತ್ತದೆ. ಬೆಳಿಗ್ಗೆ ಬರೆದು ಒಯ್ಯಬೇಕು. ಒಂದು ಸಂಜೆ ಬಂದವರು ಮೀನು ಮಾರ್ಕೆಟ್ಟಿನಿಂದ ನೇರ ಬಂದಿದ್ದರು. ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಮೊಬೈಲ್ ತೆಗೆದರು. ಒದ್ದೆ ಬೆರಳಿಗೆ ಲಾಕ್ ತೆಗೆಯಲಿಲ್ಲ. ಮೂರನೇ ಕ್ಲಾಸಿನ ಮಗನೇ ತೆಗೆದುಕೊಟ್ಟ. ಇನ್ನು ಆ ಗ್ರೂಪಿನಲ್ಲಿ ಹೋಂವರ್ಕ್ ಹುಡುಕಬೇಕು. ಗುಲಾಬಿ ಹೂವಿನ ಗುಡ್ ಈವನಿಂಗ್, ಯಾರದೋ ಹುಟ್ಟುಹಬ್ಬದ ಕೇಕು, ಅದಕ್ಕೆ ಸಾಲುಸಾಲು ಕೈಮುಗಿದ ಚಿತ್ರ, 'ಓಕೆ ಮೇಡಂ', 'ಓಕೆ ಮೇಡಂ' ಅಂತ ಪಾಲಕರ ಉತ್ತರ. ಹುಡುಗ ಬೆರಳಲ್ಲಿ ಸರಸರ ತಳ್ಳುತ್ತ ಹೋದ. ಹಾಳೆ ಸಿಕ್ಕಿತು, ನನ್ನ ನಂಬರಿಗೆ ಕಳಿಸಿದ. ನಾನು ಪ್ರಿಂಟ್ ತೆಗೆದು ತಿರುಗುವಷ್ಟರಲ್ಲಿ ರೀಲ್ಸ್ ನೋಡುತ್ತಿದ್ದ. ತಾಯಿ ಬೈದು ಮೊಬೈಲ್ ಕಿತ್ತುಕೊಂಡರು. ಹುಡುಗ ಅಲ್ಲೇ ನೆಲಕ್ಕೆ ಕೂತು ಹೋ ಅಂತ ಅಳಲಿಕ್ಕೆ ಶುರು ಮಾಡಿದ.

ಆ ಹಾಳೆಯಲ್ಲಿ ಏನಿತ್ತು ಅಂತ ಹೇಳಿದರೆ ನಿಮಗೂ ನಗು ಬರಬಹುದು. ಏಳರ ಮಗ್ಗಿಯನ್ನು ಐದು ಸಲ ಬರೆಯಬೇಕಿತ್ತು. ಆ ಒಂದು ಸಾಲನ್ನು ಶಾಲೆ ಬಿಡುವ ಮೊದಲು ಕರಿಹಲಗೆಯ ಮೇಲೆ ಬರೆದಿದ್ದರೆ ಹುಡುಗ ನೋಟ್‌ಬುಕ್ಕಿಗೆ ಇಳಿಸಿಕೊಂಡು ಬರುತ್ತಿದ್ದ. ಈ ಮೊಬೈಲು, ಈ ಪಿಡಿಎಫ್, ನನಗೆ ಬಂದ ಪ್ರಿಂಟಿನ ದುಡ್ಡು, ಆ ಅಳು, ಯಾವುದೂ ಬೇಕಿರಲಿಲ್ಲ.

ನಮ್ಮ ಭಾಗದ ಒಬ್ಬ ಸಾಧಾರಣ ಮನುಷ್ಯನ ಮೊಬೈಲಿನಲ್ಲಿ ಏನೇನು ಗ್ರೂಪ್ ಇರುತ್ತದೆ ನೋಡಿ. ಶಾಲೆಯದು, ಟ್ಯೂಷನ್ನಿನದು, ಶಾಲೆಯ ಬಸ್ಸಿನದು. ಸ್ವಸಹಾಯ ಸಂಘದ್ದು, ಸೊಸೈಟಿಯದು. ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ, ಲೈನ್ ಕೆಲಸಕ್ಕೆ ಕರೆಂಟ್ ಯಾವಾಗ ತೆಗೆಯುತ್ತಾರೆ ಅಂತ ತಿಳಿಸುವ ವಾರ್ಡಿನ ಗ್ರೂಪು. ದೇವಸ್ಥಾನದ್ದು. ಇವತ್ತು ಎಲ್ಲಿ ಆಟ ಅಂತ ನೋಡುವುದಕ್ಕೆ ಯಕ್ಷಗಾನದ್ದು. ತೋಟ ಇದ್ದವರಿಗೆ ಅಡಿಕೆ ಧಾರಣೆಯದು. ಚಾಲಿ ಎಷ್ಟು, ರಾಶಿ ಎಷ್ಟು ಅನ್ನುವ ಪಟ್ಟಿ ಬರುವುದು ದಿನಕ್ಕೆ ಒಂದೇ ಸಲ. ಅದಕ್ಕಾಗಿ ಮೊಬೈಲ್ ತೆಗೆದು ನೋಡುವುದು ಹತ್ತಾರು ಸಲ. ಶಿರಸಿ ಕಡೆಯ ನನ್ನ ಷಡ್ಡಕನನ್ನು ನೋಡಿಯೇ ಈ ಮಾತು ಹೇಳುತ್ತಿದ್ದೇನೆ. ಅವನು ಊಟದ ಬಾಳೆಯ ಪಕ್ಕದಲ್ಲೂ ಮೊಬೈಲ್ ಇಟ್ಟುಕೊಂಡೇ ಕೂರುವವನು.

ಹೀಗೇಕೆ ಆಗುತ್ತದೆ ಅನ್ನೋದು ಹೊಸ ವಿಷಯವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಮೊಬೈಲ್ ಹುಟ್ಟುವ ಎಷ್ಟೋ ಮೊದಲೇ ಪಾರಿವಾಳಗಳನ್ನು ಇಟ್ಟುಕೊಂಡು ಪ್ರಯೋಗ ಮಾಡಿದ್ದರು. ಗುಂಡಿ ಕುಕ್ಕಿದಾಗೆಲ್ಲ ಕಾಳು ಬೀಳುತ್ತಿದ್ದು, ಆಮೇಲೆ ಬೀಳುವುದು ನಿಂತರೆ ಹಕ್ಕಿ ಬೇಗ ಕುಕ್ಕುವುದನ್ನು ಬಿಡುತ್ತದೆ. ಅದೇ, ಒಮ್ಮೆ ಬಿದ್ದು, ನಾಲ್ಕು ಸಲ ಬೀಳದೆ, ಮತ್ತೆ ಯಾವಾಗ ಬೀಳುತ್ತದೆ ಅಂತ ಗೊತ್ತಾಗದ ಹಾಗೆ ಮಾಡಿದರೆ ಬಿಡದೆ ಕುಕ್ಕುತ್ತಲೇ ಇರುತ್ತದೆ. ಇವತ್ತಿನ ಆ್ಯಪುಗಳು ನಡೆಯುವುದು ಇದರ ಮೇಲೆಯೇ. ಎಷ್ಟು ತಳ್ಳಿದರೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್, ಅದರಿಂದ ಆದದ್ದನ್ನು ನೋಡಿ ಆಮೇಲೆ ತಾವೇ ಬೇಸರಪಟ್ಟರು. ಪುಸ್ತಕಕ್ಕೆ ಕೊನೆಯ ಪುಟ ಇದೆ, ಯಕ್ಷಗಾನದ ಆಟಕ್ಕೆ ಮಂಗಳ ಇದೆ, ರೀಲ್ಸಿಗೆ ಇಲ್ಲ. ಸ್ಟೇಟಸ್ ಅಂತೂ 24 ಗಂಟೆಯಲ್ಲಿ ಮಾಯ. ಇವತ್ತು ನೋಡದಿದ್ದರೆ ನಾಳೆ ಸಿಗಲಿಕ್ಕಿಲ್ಲ ಅಂತ ಜನ ಓಡಿ ನೋಡುತ್ತಾರೆ.

ಇಷ್ಟು ಕಂಪನಿಗಳ ಕೆಲಸ, ಒಪ್ಪಿದೆ. ಆದರೆ ನನ್ನ ಮಾತು ಇರುವುದು ಇದರ ಮುಂದಿನ ಭಾಗದಲ್ಲಿ. ಗ್ರೂಪಿಗೆ ಬರುವ ನೂರು ಸಂದೇಶಗಳಲ್ಲಿ ಹೆಚ್ಚಿನವು ಸುಮ್ನೆ ಬಂದವು. ಒಂದು ಮಾತ್ರ ನಿಜವಾಗಿ ಬೇಕಾದದ್ದು. ನಾಳೆ ಪರೀಕ್ಷೆ, ನಾಳೆ ನೀರಿಲ್ಲ, ನಾಳೆ ರೇಷನ್ ಕೊಡುತ್ತಾರೆ. ಆ ಒಂದು ಯಾವ ಹೊತ್ತಿಗೆ ಬರುತ್ತದೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ದಿನವಿಡೀ ನೋಡುತ್ತಲೇ ಇರಬೇಕು. ಗಾಳ ಕಂಪನಿಯದು, ನಿಜ. ಅದರ ತುದಿಗೆ ಎರೆಹುಳು ಸಿಕ್ಕಿಸಿ ಕೊಡುತ್ತಿರುವುದು ಮಾತ್ರ ನಮ್ಮ ಶಾಲೆಗಳು, ಪಂಚಾಯತಿಗಳು, ಕಚೇರಿಗಳು. ರೀಲ್ಸ್ ಬೇಡ ಅಂದವನು ಆ್ಯಪ್ ತೆಗೆದುಹಾಕಬಹುದು. ಮಗಳ ಹೋಂವರ್ಕ್ ಬೇಡ ಅನ್ನಲಿಕ್ಕೆ ಆಗುತ್ತದಾ?

ಇನ್ನು ಮಳೆ ರಜೆಯ ವಿಷಯ. ಇದನ್ನು ನಿಮಗಲ್ಲದೆ ಬೇರೆ ಯಾರಿಗೆ ಹೇಳಲಿ?

ಜೂನ್, ಜುಲೈ ಬಂತೆಂದರೆ ನಮ್ಮಲ್ಲಿ ರಾತ್ರಿ ಮನೆಮನೆಯಲ್ಲಿ ಒಂದೇ ಪ್ರಶ್ನೆ: ನಾಳೆ ರಜೆ ಇದ್ಯಾ? ಹೊರಗೆ ಧೋ ಅಂತ ಮಳೆ. ಕರೆಂಟ್ ಇಲ್ಲ. ಇದ್ದ ಚೂರು ಚಾರ್ಜಿನಲ್ಲಿ ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ಒಂದೇ ಮೊಬೈಲಿಗೆ ತಲೆ ಹಾಕಿ ಕೂತಿರುತ್ತಾರೆ. ಮೊದಲು ಒಂದು ಗ್ರೂಪಿನಲ್ಲಿ ರಜೆ ಅಂತ ಬರುತ್ತದೆ. ಇನ್ನೊಂದರಲ್ಲಿ ಅದು ಸುಳ್ಳು ಅಂತ. ಮತ್ತೊಂದರಲ್ಲಿ ಘಟ್ಟದ ಮೇಲಿನ ತಾಲ್ಲೂಕುಗಳಿಗೆ ಮಾತ್ರ ಅಂತ. ಆಮೇಲೆ ಸಹಿ, ಮೊಹರು ಎಲ್ಲ ಇರುವ ಆದೇಶವೇ ಬರುತ್ತದೆ. ಸರಿಯಾಗಿ ನೋಡಿದರೆ ಅದು ಹಿಂದಿನ ವರ್ಷದ್ದು, ಯಾರೋ ತಾರೀಕು ತಿದ್ದಿ ಬಿಟ್ಟದ್ದು. ಹಾಗೆ ತಿದ್ದುವುದು ಮೊಬೈಲಿನಲ್ಲೇ ಎರಡು ನಿಮಿಷದ ಕೆಲಸ ಅಂತ ಈ ಕಸುಬಿನವನಾದ ನನಗೆ ಚೆನ್ನಾಗಿ ಗೊತ್ತು. ಮಕ್ಕಳು ನಿದ್ದೆ ಮಾಡುವುದಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಮತ್ತೆ ಮೊಬೈಲು. ಮಳೆ ಯಾರ ಮಾತನ್ನೂ ಕೇಳುವುದಿಲ್ಲ, ಕೆಲವು ದಿನ ನಸುಕಿನಲ್ಲೇ ನಿರ್ಧಾರ ಮಾಡಬೇಕಾಗುತ್ತದೆ, ಇದೆಲ್ಲ ನಮಗೂ ಅರ್ಥ ಆಗುತ್ತದೆ. ರಜೆ ಕೊಡುವ ಬಿಡುವ ಅಧಿಕಾರ ನಿಮ್ಮದು. ಆದರೆ ಸುದ್ದಿ ಎಷ್ಟು ಗಂಟೆಗೆ, ಎಲ್ಲಿ ಸಿಗುತ್ತದೆ ಅನ್ನೋದು ಗೊತ್ತಿದ್ದರೆ ಈ ಜಾಗರಣೆ ತಪ್ಪುತ್ತದೆ.

ದೊಡ್ಡ ಅನಾಹುತ ಆದಾಗಲೂ ಇದೇ ಕಥೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು. ಜೀವಗಳು ಹೋದವು. ಆ ಕುಸಿತದಲ್ಲಿ ಗಂಗಾವಳಿ ನದಿಗೆ ಬಿದ್ದು ಮುಳುಗಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ನಡುವೆ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಆ ಮಳೆಗಾಲ ನಮ್ಮ ಜಿಲ್ಲೆಯವರು ಮೊಬೈಲ್ ಕೆಳಗಿಡಲೇ ಇಲ್ಲ. ರಸ್ತೆ ತೆರೆಯಿತಾ, ಬಸ್ಸು ಯಾವ ಕಡೆಯಿಂದ ಹೋಗುತ್ತದೆ ಅಂತ ನೋಡಿದವರು ಸರಿ, ಅದು ಬೇಕಿತ್ತು. ಉಳಿದದ್ದೆಲ್ಲ ಲೈವು. ನದಿ ದಡದಲ್ಲಿ ಕ್ಯಾಮೆರಾ ಇಟ್ಟುಕೊಂಡು ನಿಂತವರ ಲೈವು, ಅದನ್ನು ನೋಡಿ ಮಾತಾಡುವವರ ಲೈವು. ಎಲ್ಲಿಯದೋ ಗುಡ್ಡ ಜಾರುವ ವಿಡಿಯೋ ಶಿರೂರಿನದು ಅಂತ ನನ್ನ ಮೊಬೈಲಿಗೂ ಬಂತು.

ನಮ್ಮ ಕೇರಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಮನೆಯ ಹಿಂದೆಯೇ ಕಡಿದ ಗುಡ್ಡ. ಶಿರೂರಿನ ಸುದ್ದಿ ಬಂದಮೇಲೆ ಅವರು ಮೊಮ್ಮಗನ ಮೊಬೈಲ್ ಇಸಿದುಕೊಂಡು ನಡುರಾತ್ರಿವರೆಗೆ ನೋಡುತ್ತ ಕೂರುತ್ತಿದ್ದರು. ಕಣ್ಣು ಕೆಂಪಾಗಿ, ಬಿಪಿ ಜಾಸ್ತಿಯಾಗಿ ಡಾಕ್ಟರ ಹತ್ತಿರ ಹೋಗುವ ಹಾಗಾಯಿತು. ಅಷ್ಟೊಂದು ಅಪ್‌ಡೇಟುಗಳಲ್ಲಿ ಅವರ ಮನೆ ಹಿಂದಿನ ಗುಡ್ಡದ ಬಗ್ಗೆ ಒಂದೇ ಒಂದು ಸಾಲೂ ಇರಲಿಲ್ಲ. ತಿಳಿದವರೊಬ್ಬರು ಬಂದು ಗುಡ್ಡ ನೋಡಿ, "ಅಜ್ಜೀ, ಇಲ್ಲಿ ಬಿರುಕು ಬಿಟ್ಟಿದೆ, ಮಳೆ ಜೋರಾದರೆ ಮಗಳ ಮನೆಗೆ ಹೋಗಿ ಮಲಗಿ" ಅಂತಲೋ, "ಹೆದರಬೇಡಿ" ಅಂತಲೋ ಹೇಳಿದ್ದರೆ ಆ ಮೊಬೈಲ್ ಅಂದೇ ಮೊಮ್ಮಗನ ಕೈಗೆ ವಾಪಸ್ ಹೋಗುತ್ತಿತ್ತು.

ನಾನು ಮೊಬೈಲಿನ ವಿರೋಧಿ ಅಂತ ತಿಳಿಯಬೇಡಿ. ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ನಮ್ಮ ಜಿಲ್ಲೆಯ ಮಕ್ಕಳು ಕೊಡೆ ಹಿಡಿದುಕೊಂಡು ಗುಡ್ಡ ಹತ್ತಿದ್ದನ್ನು ಎಲ್ಲರೂ ನೋಡಿದ್ದೇವೆ. ಜೋಯಿಡಾ, ಯಲ್ಲಾಪುರದ ಒಳಗಿನ ಊರಿನವರಿಗೆ ಟವರ್ ಬೇಕೇ ಬೇಕು. ತದಡಿಯಲ್ಲಿ ದೋಣಿ ಇಳಿಸುವವರಿಗೆ ಗಾಳಿಯ ಎಚ್ಚರಿಕೆ ಮೊಬೈಲಿನಲ್ಲಿ ಬಂದರೆ ಜೀವ ಉಳಿಯುತ್ತದೆ. ಆ ಎಚ್ಚರಿಕೆ ನೋಡಿ, ಇಂಥ ದಿನದಿಂದ ಇಂಥ ದಿನದವರೆಗೆ ಕಡಲಿಗೆ ಇಳಿಯಬೇಡಿ ಅಂತ ಒಂದೇ ಮಾತು. ಓದಿದರೆ ಮುಗಿಯಿತು. ಇಂಥ ಸುದ್ದಿಯಿಂದ ಯಾರಿಗೂ ಚಟ ಹತ್ತುವುದಿಲ್ಲ.

ಬೇರೆ ಕಡೆ ಏನು ಮಾಡಿದ್ದಾರೆ ಅನ್ನೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರಿಂದ ಸಂಜೆ 7 ಗಂಟೆಗೆ ದೇವಸ್ಥಾನದ ಸೈರನ್ ಕೂಗುತ್ತದೆ. ಅಲ್ಲಿಂದ ಎಂಟೂವರೆಯವರೆಗೆ ಟಿವಿ, ಮೊಬೈಲ್ ಬಂದ್. ಮಕ್ಕಳು ಓದುತ್ತಾರೆ, ದೊಡ್ಡವರು ಮಾತಾಡುತ್ತಾರೆ. ಊರವರೇ ಕೂತು ಒಪ್ಪಿಕೊಂಡು ಶುರು ಮಾಡಿದ್ದು. ಅಲ್ಲಿ ಸೈರನ್ ಆಗುವ ಹೊತ್ತಿಗೆ ಸರಿಯಾಗಿ ನಮ್ಮಲ್ಲಿ ಹೋಂವರ್ಕಿನ ಪಿಡಿಎಫ್ ಬರುತ್ತದೆ! ಆಸ್ಟ್ರೇಲಿಯಾದವರು 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸೋಶಿಯಲ್ ಮೀಡಿಯಾ ಖಾತೆ ಇಲ್ಲ ಅಂತ ಕಾನೂನು ತಂದರು. ಆ ಕಾನೂನಿನಲ್ಲೂ ವಾಟ್ಸಾಪ್ ಹೊರಗೇ ಉಳಿದಿದೆ. ಹಾಗಾಗಿ ದಿಲ್ಲಿಯಿಂದ ದೊಡ್ಡ ಕಾನೂನು ಬರಲಿ ಅಂತ ಕಾಯುತ್ತ ಕೂತರೆ ನಮ್ಮ ಸಮಸ್ಯೆ ಹಾಗೇ ಇರುತ್ತದೆ. ಇದು ಜಿಲ್ಲೆಯೊಳಗೇ ಆಗುವ ಕೆಲಸ.

ಈಗ ನಮ್ಮ ಬೇಡಿಕೆ.

ಎಲ್ಲಕ್ಕಿಂತ ಮೊದಲು ಶಾಲೆಗಳದ್ದು. ಹೋಂವರ್ಕ್ ಶಾಲೆಯಲ್ಲೇ ಬರೆಸಿ ಕಳಿಸಲಿ, ಮಗುವಿನ ಕೈಬರಹದಲ್ಲಿ, ಡೈರಿಯಲ್ಲಿ. ಗ್ರೂಪ್ ಇರಬೇಕು ಅಂತಿದ್ದರೆ ಇರಲಿ, ಆದರೆ ಅಡ್ಮಿನ್ ಮಾತ್ರ ಸಂದೇಶ ಹಾಕುವ ಹಾಗೆ ಮಾಡಲಿ. ಆ ಸೌಲಭ್ಯ ವಾಟ್ಸಾಪಿನಲ್ಲೇ ಇದೆ, ಒಂದು ಗುಂಡಿ ಒತ್ತಿದರೆ ಆಯಿತು. 'ಓಕೆ ಮೇಡಂ' ಅಷ್ಟೂ ಒಮ್ಮೆಗೇ ನಿಲ್ಲುತ್ತದೆ. ಸಂಜೆ ಆರರ ಮೇಲೆ ಏನೂ ಕಳಿಸುವುದು ಬೇಡ. ಅಷ್ಟು ಅವಸರದ್ದಾದರೆ ಫೋನ್ ಮಾಡಲಿ, ಯಾರೂ ಬೇಡ ಅನ್ನುವುದಿಲ್ಲ. ಇದು ಮಾಸ್ತರರಿಗೂ ಆಗಬೇಕು. ಕಾರ್ಯಕ್ರಮ ನಡೆದದ್ದಕ್ಕೆ ಫೋಟೋ ಕೇಳುವ ಮೇಲಿನ ಗ್ರೂಪುಗಳು ರಾತ್ರಿ ಅವರನ್ನು ಬಿಟ್ಟರೆ ಅವರೂ ನಮ್ಮನ್ನು ಬಿಡುತ್ತಾರೆ. ಇದು ನಿಮ್ಮ ಒಂದು ಸುತ್ತೋಲೆಯಿಂದ ಆಗುವ ಕೆಲಸ ಅಂತ ನನ್ನ ನಂಬಿಕೆ.

ಮಳೆ ರಜೆಗೆ ಎರಡು ಹೊತ್ತು ಗೊತ್ತು ಮಾಡಿ. ರಾತ್ರಿ 8 ಗಂಟೆ, ತಪ್ಪಿದರೆ ಬೆಳಿಗ್ಗೆ 6 ಗಂಟೆ. ಜಿಲ್ಲಾಡಳಿತದ ಒಂದೇ ಪುಟದಲ್ಲಿ ಹಾಕಿ, ಅದೇ ಹೊತ್ತಿಗೆ ಕಾರವಾರ ಆಕಾಶವಾಣಿಯಲ್ಲಿ ಓದಿಸಿ. ರಜೆ ಇಲ್ಲದಿದ್ದರೆ 'ಇಲ್ಲ' ಅಂತಲೂ ಹೇಳಿಸಿ, ಇದು ಮುಖ್ಯ. ಏನೂ ಬರದಿದ್ದರೆ ಜನ ಕಾಯುತ್ತಲೇ ಇರುತ್ತಾರೆ. 8 ಗಂಟೆಗೆ 'ಸದ್ಯಕ್ಕೆ ಇಲ್ಲ' ಅಂತ ಕೇಳಿದರೆ ಮಕ್ಕಳು ಬೈದುಕೊಂಡಾದರೂ ಮಲಗುತ್ತಾರೆ.

ಪಂಚಾಯತಿಗಳ ಮುಂದೆ ನೋಟಿಸ್ ಬೋರ್ಡು ಈಗಲೂ ಇದೆ. ಹಲವು ಕಡೆ ಅದರ ಗಾಜು ಒಡೆದು, ಒಳಗೆ ಯಾವಾಗಿನದೋ ಟೆಂಡರ್ ಪ್ರಕಟಣೆ ಹಳದಿಯಾಗಿ ಕೂತಿದೆ. ನೀರು, ಕರೆಂಟು, ರೇಷನ್ ಸುದ್ದಿ ವಾರಕ್ಕೊಮ್ಮೆ ಅಲ್ಲಿ, ಹಾಲಿನ ಡೇರಿಯಲ್ಲಿ, ರೇಷನ್ ಅಂಗಡಿಯಲ್ಲಿ ಅಂಟಿಸಿದರೆ ಸಾಕು. ಪಂಚಾಯತಿಯ ಗ್ರಂಥಾಲಯ ಅರಿವು ಕೇಂದ್ರಗಳಿವೆ. 'ಓದುವ ಬೆಳಕು' ಯೋಜನೆ ಬಂದಾಗ ಮಕ್ಕಳನ್ನು ಪುಕ್ಕಟೆ ಸದಸ್ಯರನ್ನಾಗಿ ಮಾಡಿದ್ದರು. ನಮ್ಮ ಕಡೆ ಮಕ್ಕಳು ಶಾಲೆಯಿಂದ ಬಂದು ತಿಂಡಿ ತಿಂದು ಹೊರಡುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ಸಂಜೆ ಒಂದೆರಡು ತಾಸು ತೆರೆದಿಡಿ, ಮೇಲ್ವಿಚಾರಕರಿಗೆ ಅದಕ್ಕೆ ತಕ್ಕ ಸಂಬಳವನ್ನೂ ಕೊಡಿ. ಮೊಬೈಲ್ ಬಿಟ್ಟ ಹುಡುಗ ಎಲ್ಲಿಗೆ ಹೋಗಬೇಕು ಅಂತ ನಾವು ಯಾರೂ ಹೇಳುತ್ತಿಲ್ಲ. ಗದ್ದೆ ಬಯಲೆಲ್ಲ ಸೈಟ್ ಆಗಿದೆ. ಮಳೆಗಾಲದಲ್ಲಂತೂ ಮನೆಯೇ ಗತಿ.

ವಡಗಾಂವ್ ಥರದ ಸೈರನ್ ನಮ್ಮಲ್ಲೂ ಬೇಕಾ ಅನ್ನೋದನ್ನು ಮಕ್ಕಳ ಗ್ರಾಮಸಭೆಯಲ್ಲಿ ಕೇಳಿ. ಮೇಲಿನಿಂದ ಆದೇಶ ಬೇಡ. ಮಕ್ಕಳು ಬಹುಶಃ ಮೊದಲು ನಮ್ಮನ್ನೇ ಬೈಯುತ್ತಾರೆ, "ಅಪ್ಪ ಮೊದಲು ಇಡಲಿ" ಅಂತ. ಹೇಳಲಿ ಬಿಡಿ.

ಕೊನೆಯದು ಸ್ವಲ್ಪ ಗಂಭೀರ. ಕೆಲವು ತಿಂಗಳ ಹಿಂದೆ ಗಿರಾಕಿಯೊಬ್ಬರು ಅಂಗಡಿ ಖಾಲಿಯಾಗುವವರೆಗೂ ಕಾದು ನಿಂತರು. ಪಿಯುಸಿ ಓದುವ ಮಗ ರಾತ್ರಿಯೆಲ್ಲ ಗೇಮ್ ಆಡುತ್ತಾನೆ, ಕಾಲೇಜಿಗೆ ಹೋಗುವುದಿಲ್ಲ, ಮೊಬೈಲ್ ತೆಗೆದಿಟ್ಟರೆ ಬಾಗಿಲು ಒಡೆಯುತ್ತಾನೆ. ಧ್ವನಿ ತಗ್ಗಿಸಿ ಕೇಳಿದರು: "ಅಣ್ಣಾ, ಇದನ್ನು ಬಿಡಿಸೋಕೆ ಯಾವುದಾದ್ರೂ ಆ್ಯಪ್ ಇದ್ಯಾ?" ಝೆರಾಕ್ಸ್ ಅಂಗಡಿಯವನನ್ನು ಕೇಳಬೇಕಾದ ಪ್ರಶ್ನೆ ಅಲ್ಲ ಅದು. ಯಾರನ್ನು ಕೇಳಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಗೇಮ್ ಆಡುವ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ 2014ರಿಂದ 'ಶಟ್' ಕ್ಲಿನಿಕ್ ನಡೆಯುತ್ತಿದೆ. ಕುಮಟಾದಿಂದ ಅಲ್ಲಿಗೆ ರಾತ್ರಿ ಬಸ್ಸು ಹತ್ತಬೇಕು. ಬಾಗಿಲು ಒಡೆಯುವ ಹುಡುಗನನ್ನು ಬಸ್ಸು ಹತ್ತಿಸುವುದು ಹೇಗೆ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಯಾವ ಹೊತ್ತಿನಲ್ಲಿ ಬೇಕಾದರೂ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಅವರಿಗೆ ಆ ನಂಬರ್ ಬರೆದುಕೊಟ್ಟೆ. ಈ ನಂಬರನ್ನು ಪ್ರತಿ ಶಾಲೆ, ಕಾಲೇಜಿನ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆ ಅನ್ನೋದನ್ನೂ ಅದರ ಕೆಳಗೇ ಬರೆಸಿ. ದಿನ ಗೊತ್ತಿದ್ದರೆ ಜನ ಹೋಗುತ್ತಾರೆ.

ಮೇ ಕೊನೆಗೆ ಶಾಲೆ ಶುರುವಾಗುತ್ತದೆ, ಬೆನ್ನಿಗೇ ಮಳೆ. ಅಷ್ಟರೊಳಗೆ ಹೋಂವರ್ಕಿನ ಸುತ್ತೋಲೆ ಮತ್ತು ರಜೆ ಸುದ್ದಿಯ ಹೊತ್ತು, ಇವೆರಡಾದರೂ ಆಗಲಿ ಅಂತ ಕೇಳಿಕೊಳ್ಳುತ್ತೇನೆ. ನಮ್ಮ ಸುತ್ತಲಿನ ಪಂಚಾಯತಿಯವರು ನೋಟಿಸ್ ಬೋರ್ಡಿಗೆ ಅಂಟಿಸುವ ಕಾಗದ ತಂದರೆ ಈ ಮಳೆಗಾಲ ಪೂರ್ತಿ ದುಡ್ಡು ತೆಗೆದುಕೊಳ್ಳದೆ ಝೆರಾಕ್ಸ್ ಮಾಡಿಕೊಡುತ್ತೇನೆ. ಗಾಜು ಮಾತ್ರ ಅವರೇ ಹಾಕಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಕುಮಟಾದ ಒಬ್ಬ ಝೆರಾಕ್ಸ್ ಅಂಗಡಿಯವ